ಗುಂಡಿ, ಪೆನ್ನು, ಎರಡು ಟಿಕ್: ಮೂರು ರೀತಿ ಓಟು ಹಾಕಿ ನೋಡಿದ ಮೇಲೆ

2018ರ ಮೇ 12, ವಿಧಾನಸಭೆ ಚುನಾವಣೆ. ಶಿವಮೊಗ್ಗದ ನಮ್ಮ ಬಡಾವಣೆಯ ಶಾಲೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಪಕ್ಕದ ಮನೆಯವರು ಮೆಲ್ಲಗೆ ಕೇಳಿದರು, "ಯಾರಿಗೆ?" ಹೆಸರು ಹೇಳಿದೆ. "ಒಳ್ಳೆಯವರೇ. ಆದ್ರೆ ಗೆಲ್ಲಲ್ವಲ್ಲ! ಸುಮ್ನೆ ಓಟು ಹಾಳು ಮಾಡ್ಕೋಬೇಡ."

ಒಳಗೆ ಹೋದೆ. ನಾನು ಮೆಚ್ಚಿದವರ ಹೆಸರು ಯಂತ್ರದಲ್ಲಿ ಕೆಳಗಡೆ ಇತ್ತು. ಬೆರಳು ಅಲ್ಲಿಯವರೆಗೆ ಹೋಗಿ ವಾಪಸ್ ಬಂತು. ಯಾರು ಬರಬಾರದು ಅಂತ ಯೋಚಿಸಿ ಬೇರೆ ಗುಂಡಿ ಒತ್ತಿದೆ. ಗಾಜಿನ ಹಿಂದೆ 7 ಸೆಕೆಂಡ್ ಚೀಟಿ ಕಾಣಿಸಿ ಕೆಳಗೆ ಬಿತ್ತು. ಅದರಲ್ಲಿದ್ದದ್ದು ನನಗೆ ಬೇಕಾದ ಹೆಸರಲ್ಲ. ಆ ಚೀಟಿ ಇವತ್ತಿಗೂ ಕಣ್ಣ ಮುಂದಿದೆ.

ಇನ್ನೂ ತಿಂಗಳು ತುಂಬಿರಲಿಲ್ಲ. ಜೂನ್ 8ಕ್ಕೆ ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಕ್ಷೇತ್ರದ ಮತದಾನ. ಇಲ್ಲಿ ಯಂತ್ರ ಇಲ್ಲ. ಕಾಗದ, ಜೊತೆಗೆ ಅವರೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್. ಟಿಕ್ ಹಾಕುವಂತಿಲ್ಲ, ಹೆಸರಿನ ಮುಂದೆ 1, 2, 3 ಬರೆಯಬೇಕು. ನಾನು ಒಬ್ಬ ಪಕ್ಷೇತರರಿಗೆ ಧೈರ್ಯವಾಗಿ 1 ಬರೆದೆ. ಸೋಲುತ್ತಾರೆ ಅಂತ ಗೊತ್ತಿತ್ತು. ಆದರೆ ಯಾರಿಗೂ ಅರ್ಧಕ್ಕಿಂತ ಜಾಸ್ತಿ ಓಟು ಬರದಿದ್ದರೆ, ಕೊನೆಯಲ್ಲಿರುವವರನ್ನು ಒಬ್ಬೊಬ್ಬರಾಗಿ ಕೈಬಿಡುತ್ತಾರೆ. ಅವರ ಕಾಗದಗಳು 2 ಅಂತ ಬರೆದವರ ಕಟ್ಟಿಗೆ ಹೋಗುತ್ತವೆ. ಅಂದರೆ ನನ್ನವರು ಸೋತರೂ ನನ್ನ ಓಟು ಸಾಯುವುದಿಲ್ಲ. ಅದೇ ನಾನು, ಅದೇ ಊರು. ಮೇ ತಿಂಗಳಲ್ಲಿ ಹೆದರಿ ಒತ್ತಿದ್ದವನು ಜೂನ್‌ನಲ್ಲಿ ಮನಸ್ಸಿಗೆ ಬಂದವರ ಹೆಸರಿನ ಮುಂದೆ ಬರೆದು ಬಂದೆ.

ಇದರಲ್ಲಿ ಎರಡು ತೊಂದರೆ ಇವೆ. ಮೊದಲನೆಯದು, ಎಣಿಕೆ ನಿಧಾನ, ಮತ್ತೆ ಡಿಗ್ರಿ ಆದವರ ಓಟುಗಳೇ ಸಾವಿರಗಟ್ಟಲೆ ತಿರಸ್ಕೃತ ಆಗುತ್ತವೆ. ಎರಡನೆಯದು ದೊಡ್ಡದು: ಕೊನೆಗೆ ಗೆಲ್ಲುವುದು ಒಬ್ಬರೇ. ಪಕ್ಷಗಳಿಗೆ ರಾಜ್ಯದಲ್ಲಿ ಬಿದ್ದ ಓಟಿಗೂ ಸಿಗುವ ಸೀಟಿಗೂ ತಾಳೆ ಬರಬೇಕು ಅಂದರೆ ಈ ಪೆನ್ನು ಸಾಕಾಗುವುದಿಲ್ಲ.

ತಾಳೆ ಎಷ್ಟು ತಪ್ಪಿದೆ ನೋಡಿ. ಆ 2018ರಲ್ಲಿ ಬಿಜೆಪಿಗೆ ಶೇ. 36ರಷ್ಟು ಓಟು, 104 ಸೀಟು. ಕಾಂಗ್ರೆಸ್‌ಗೆ ಅದಕ್ಕಿಂತ ಜಾಸ್ತಿ, ಶೇ. 38ರಷ್ಟು, ಫಲಿತಾಂಶದ ದಿನ ಬಂದ ಸೀಟು 78. 2023ರಲ್ಲಿ ಬಿಜೆಪಿಗೆ ಮತ್ತೆ ಶೇ. 36ರಷ್ಟೇ ಬಂತು, ಸೀಟು ಮಾತ್ರ 66ಕ್ಕೆ ಇಳಿಯಿತು. ಕಾಂಗ್ರೆಸ್‌ಗೆ ಶೇ. 43ರಷ್ಟು ಓಟಿಗೆ 135 ಸೀಟು. ಒಂದು ಸಲ ಇವರಿಗೆ ಅನ್ಯಾಯ, ಇನ್ನೊಂದು ಸಲ ಅವರಿಗೆ. ಪಕ್ಷ ಯಾವುದೇ ಇರಲಿ, ಮೋಸ ಹೋದವರು ಓಟು ಹಾಕಿದವರು. ಅದೇ 2023ರಲ್ಲಿ ಜಯನಗರದಲ್ಲಿ ಗೆಲುವಿನ ಅಂತರ ಬರೀ 16 ಓಟು. ಸೋತವರಿಗೆ ಬಿದ್ದ 50 ಸಾವಿರಕ್ಕೂ ಜಾಸ್ತಿ ಓಟು ವಿಧಾನಸೌಧದಲ್ಲಿ ಒಂದು ಕುರ್ಚಿಯನ್ನೂ ತರಲಿಲ್ಲ.

"ಈ ಪದ್ಧತಿಯಲ್ಲಿ ಸರ್ಕಾರ ಗಟ್ಟಿಯಾಗಿರುತ್ತೆ" ಅನ್ನುವವರಿಗೆ ನಾನು ಕೇಳುವುದಿಷ್ಟೇ: 2018ರಿಂದ 2023ರ ಮಧ್ಯೆ ನಾವು ಎಷ್ಟು ಸಲ ಮುಖ್ಯಮಂತ್ರಿಯ ಪ್ರಮಾಣವಚನ ನೋಡಿದೆವು? ನಾಲ್ಕು ಸಲ.

ಈಗ ನಾನಿರುವುದು ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ. ಇಲ್ಲಿ ರೆಸಿಡೆಂಟ್ ವೀಸಾ ಸಿಕ್ಕಿ, ಒಂದು ವರ್ಷ ಇಲ್ಲೇ ಇದ್ದವರೂ ಓಟು ಹಾಕಬಹುದು, ಪೌರತ್ವ ಬೇಕಿಲ್ಲ. 2023ರ ಅಕ್ಟೋಬರ್‌ನಲ್ಲಿ ಲೈಬ್ರರಿಗೆ ಹೋಗಿ ಮೊದಲ ಓಟು ಹಾಕಿದೆ. ಬೆರಳಿಗೆ ಶಾಯಿ ಇಲ್ಲ, ಗುರುತಿನ ಚೀಟಿ ಕೇಳಲಿಲ್ಲ. ಕೊಟ್ಟದ್ದು ಒಂದೇ ಕಾಗದ, ಅದರಲ್ಲಿ ಎರಡು ಸಾಲು. ಎಡಗಡೆ ಪಕ್ಷಕ್ಕೆ ಒಂದು ಟಿಕ್, ಬಲಗಡೆ ಕ್ಷೇತ್ರದ ಅಭ್ಯರ್ಥಿಗೆ ಒಂದು ಟಿಕ್. ಎರಡೂ ಒಂದೇ ಪಕ್ಷಕ್ಕೆ ಇರಬೇಕು ಅಂತಿಲ್ಲ. ನಾನು ಅಭ್ಯರ್ಥಿಯನ್ನು ಅವರ ಕೆಲಸ ನೋಡಿ ಆರಿಸಿದೆ. ಪಕ್ಷದ ಟಿಕ್ ನನಗೆ ಇಷ್ಟವಾದ ಒಂದು ಚಿಕ್ಕ ಪಕ್ಷಕ್ಕೆ ಹೋಯಿತು. ಪಕ್ಕದ ಮನೆಯವರ ಮಾತು ಆಗ ನೆನಪಾಯಿತು.

ಇದನ್ನು ಎಂಎಂಪಿ (ಮಿಕ್ಸೆಡ್ ಮೆಂಬರ್ ಪ್ರಪೋರ್ಷನಲ್) ಅನ್ನುತ್ತಾರೆ. ಸಂಸತ್ತಿನಲ್ಲಿ ಯಾವ ಪಕ್ಷಕ್ಕೆ ಎಷ್ಟು ಸೀಟು ಅನ್ನುವುದು ಪಕ್ಷದ ಟಿಕ್ ಮೇಲೆ ನಿಲ್ಲುತ್ತದೆ. ಕ್ಷೇತ್ರದಲ್ಲಿ ಗೆದ್ದವರು ಮೊದಲು ಒಳಗೆ ಬರುತ್ತಾರೆ, ಬಾಕಿ ಸೀಟನ್ನು ಪಕ್ಷ ಕ್ರಮವಾಗಿ ಕೊಟ್ಟ ಹೆಸರುಗಳ ಪಟ್ಟಿಯಿಂದ ತುಂಬುತ್ತಾರೆ. ಆ ಸಲ ನ್ಯಾಷನಲ್ ಪಕ್ಷಕ್ಕೆ ಶೇ. 38ರಷ್ಟು ಓಟು, 122ರಲ್ಲಿ 48 ಸೀಟು. ಗ್ರೀನ್ ಪಕ್ಷಕ್ಕೆ ಶೇ. 11.6, ಸೀಟು 15. ತಾಳೆ ಅಂದರೆ ಇದು.

ಇಲ್ಲಿಯವರಿಗೂ ಇದು ಸುಲಭಕ್ಕೆ ಸಿಕ್ಕಿದ್ದಲ್ಲ. ಮೊದಲು ನಮ್ಮ ಪದ್ಧತಿಯೇ ಇತ್ತು. 1978 ಮತ್ತು 1981ರಲ್ಲಿ ಲೇಬರ್ ಪಕ್ಷಕ್ಕೆ ಜಾಸ್ತಿ ಓಟು ಬಂದರೂ ಅಧಿಕಾರ ನ್ಯಾಷನಲ್‌ಗೆ ಸಿಕ್ಕಿತು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಅನ್ನುವ ಪಕ್ಷಕ್ಕೆ ಶೇ. 20ಕ್ಕೂ ಜಾಸ್ತಿ ಓಟು ಬಿದ್ದು 92ರಲ್ಲಿ ಬರೀ 2 ಸೀಟು ಬಂತು. ಜನ ರೋಸಿಹೋದರು. 1993ರ ಜನಮತದಲ್ಲಿ ಹಳೆಯದನ್ನು ಬಿಟ್ಟರು, 1996ರಿಂದ ಹೊಸದು ಬಂತು. 2011ರಲ್ಲಿ ಮತ್ತೆ ಕೇಳಿದಾಗಲೂ ಹೊಸದೇ ಇರಲಿ ಅಂದರು.

ಎಂಎಂಪಿಯಲ್ಲೂ ನನಗೆ ಸರಿಬರದ್ದು ಇದೆ. ಶೇ. 5 ಓಟು ಅಥವಾ ಒಂದು ಕ್ಷೇತ್ರ ಗೆಲ್ಲದ ಪಕ್ಷಕ್ಕೆ ಏನೂ ಇಲ್ಲ. 2008ರಲ್ಲಿ ಶೇ. 4 ದಾಟಿದ ಪಕ್ಷಕ್ಕೆ ಸೊನ್ನೆ, ಅದಕ್ಕಿಂತ ಕಡಿಮೆ ಓಟು ಬಂದು ಒಂದು ಕ್ಷೇತ್ರ ಗೆದ್ದ ಪಕ್ಷಕ್ಕೆ 5 ಸೀಟು! ಪಟ್ಟಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಪಕ್ಷದವರ ಕೈಯಲ್ಲಿದೆ. ಮತ್ತೆ ಕಾಯಬೇಕು. 2023ರ ಅಕ್ಟೋಬರ್ 14ಕ್ಕೆ ಮತದಾನ ಮುಗಿದರೂ ಮೂರು ಪಕ್ಷಗಳು ಕೂತು ಮಾತಾಡಿ ಸರ್ಕಾರ ಪ್ರಮಾಣವಚನ ತಗೊಂಡದ್ದು ನವೆಂಬರ್ 27ಕ್ಕೆ. ಆದರೆ ಆ ಆರು ವಾರದಲ್ಲಿ ಯಾರನ್ನೂ ರೆಸಾರ್ಟ್‌ಗೆ ಕರೆದುಕೊಂಡು ಹೋಗಲಿಲ್ಲ. ಮಾಡಿಕೊಂಡ ಒಪ್ಪಂದವನ್ನು ಎಲ್ಲರೂ ಓದುವ ಹಾಗೆ ಪ್ರಕಟಿಸಿದರು.

ಮೂರರಲ್ಲಿ ವಿಧಾನಸಭೆಗೆ ನಾನು ಆರಿಸುವುದು ಎರಡು ಟಿಕ್. ಮೇಯರ್, ಪಂಚಾಯಿತಿ ಅಧ್ಯಕ್ಷರಂಥ ಒಬ್ಬರೇ ಇರುವ ಕುರ್ಚಿಗೆ 1, 2, 3 ಚೆನ್ನ. ಇದೇನು ಭಾರತಕ್ಕೆ ಹೊಸ ಮಾತೂ ಅಲ್ಲ. ಕಾನೂನು ಆಯೋಗ 1999ರಲ್ಲೇ ಲೋಕಸಭೆಯ ಸೀಟುಗಳನ್ನು ಶೇ. 25 ಹೆಚ್ಚಿಸಿ, ಅವನ್ನು ಪಕ್ಷಗಳ ಪಟ್ಟಿಯಿಂದ ತುಂಬಿ ಅಂತ ಹೇಳಿತ್ತು. ನಮ್ಮಲ್ಲಿ ಬಂದರೆ ಪಟ್ಟಿಯ ಕ್ರಮ ಜನರೇ ಬದಲಿಸುವ ಹಾಗಿರಲಿ ಅನ್ನುವುದೊಂದೇ ನನ್ನ ಸೇರ್ಪಡೆ.

ನನ್ನ ಪಾಸ್‌ಪೋರ್ಟ್ ಇನ್ನೂ ಭಾರತದ್ದೇ. ಹೊರದೇಶದಲ್ಲಿರುವ ಮತದಾರ ಅಂತ ಹೆಸರು ಸೇರಿಸಿಕೊಂಡು, 2028ಕ್ಕೆ ಶಿವಮೊಗ್ಗಕ್ಕೆ ಬಂದು ಅದೇ ಶಾಲೆಯಲ್ಲಿ ಓಟು ಹಾಕುತ್ತೇನೆ. ಆಗಲೂ ಅದೇ ಗುಂಡಿ ಇರುತ್ತದೆ, ಗೊತ್ತು. ಈ ಸಲ ಬೆರಳು ವಾಪಸ್ ಬರುವುದಿಲ್ಲ.