ಮರದಿಂದ ಬಿದ್ದವರನ್ನು ದಯವಿಟ್ಟು ಎತ್ತಿ ಕೂರಿಸಬೇಡಿ

ಅಡಿಕೆ ತೋಟ ಇರುವವರು ಪೂರ್ತಿ ಓದಿ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ. ಮೂರು ವರ್ಷದ ಹಿಂದೆ ಜುಲೈಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಬೇಕಿತ್ತು. ಮರ ಹತ್ತುವ ಕೊನೆಗಾರ ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ಎರಡು ವಾರ ತಳ್ಳಿದ. ಮಳೆ ಹೊಳವಾದ ಒಂದು ಬೆಳಿಗ್ಗೆ ಅಣ್ಣ ತಾನೇ ಹತ್ತಿದ. ಮರಕ್ಕೆಲ್ಲ ಪಾಚಿ. ಸುಮಾರು 25 ಅಡಿಯಿಂದ ಜಾರಿ, ಕುಂಡೆ ಊರಿ ಬಿದ್ದ.

ಪ್ರಜ್ಞೆ ಇತ್ತು, ಮಾತಾಡುತ್ತಿದ್ದ, ಎರಡೂ ಕೈ ಆಡಿಸುತ್ತಿದ್ದ. ಅದನ್ನೇ ನೋಡಿ ಸದ್ಯ ಏನೂ ಆಗಿಲ್ಲ ಅಂದುಕೊಂಡೆವು. "ಕಾಲು ನಂದಲ್ಲ ಅನ್ನಿಸ್ತಿದೆ ಕಣೋ" ಅಂದ. ಪೆಟ್ಟಿಗೆ ಜೋಮು ಹಿಡಿದಿರಬೇಕು ಅಂತ ನಾನೇ ಹೇಳಿದೆ. ಕಂಕುಳಿಗೆ ಕೈ ಹಾಕಿ ನಿಲ್ಲಿಸಲು ನೋಡಿದೆವು, ಕುಸಿದುಬಿಟ್ಟ. ಆಮೇಲೆ ಇಬ್ಬರು ಭುಜ, ಇಬ್ಬರು ಕಾಲು ಹಿಡಿದು, ನಡು ಜೋತಾಡುವ ಹಾಗೆ ಹೊತ್ತು, ಸಂಕ ದಾಟಿಸಿ, ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಆ ಗುಂಡಿ ರಸ್ತೆಯಲ್ಲಿ ಒಂದೂವರೆ ಗಂಟೆ. ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಎಂಆರ್‌ಐಯಲ್ಲಿ ಗೊತ್ತಾಯಿತು: ಎದೆಭಾಗದ ಬೆನ್ನುಮೂಳೆಯ 11ನೇ ಮಣಿ ಒಡೆದು, ಅದರ ಚೂರು ಹಿಂದಕ್ಕೆ ಬಂದು ಬೆನ್ನುಹುರಿಯನ್ನು, ಅಂದರೆ ಮೂಳೆಯೊಳಗೆ ಇಳಿಯುವ ನರದ ಹುರಿಯನ್ನು, ಒತ್ತುತ್ತಿತ್ತು. ಎದೆಯ ಹಿಂದೆ ಇಂಥ ಮಣಿಗಳು 12. ಪಕ್ಕೆಲುಬು ಕೂಡಿಕೊಂಡಿರುವುದರಿಂದ ಆ ಭಾಗ ಗಟ್ಟಿ. ಆದರೆ ಗಟ್ಟಿ ಭಾಗ ಮುಗಿದು ಬಾಗುವ ಸೊಂಟ ಶುರುವಾಗುವ ಜಾಗ ಇದೆಯಲ್ಲ, ಎತ್ತರದಿಂದ ಬಿದ್ದವರಿಗೆ ಹೆಚ್ಚಾಗಿ ಮುರಿಯುವುದು ಅಲ್ಲೇ. ಕೈಗೆ ಹೋಗುವ ನರಗಳು ಮೇಲೆ ಕುತ್ತಿಗೆಯ ಹತ್ತಿರವೇ ಹೊರಟುಬಿಡುತ್ತವೆ. ಅದಕ್ಕೇ ಕೈ ಚೆನ್ನಾಗಿ ಆಡುತ್ತಿತ್ತು.

"ನಾವು ಹೊತ್ತಿದ್ದರಿಂದ ಹೀಗಾಯಿತಾ ಡಾಕ್ಟ್ರೇ?" ಅಂತ ಕೇಳಿದೆ. ಬಿದ್ದಾಗಲೇ ಎಷ್ಟಾಗಿತ್ತು, ಸಾಗಿಸುವಾಗ ಎಷ್ಟಾಯಿತು, ಈಗ ಯಾರಿಗೂ ಹೇಳಲಿಕ್ಕಾಗಲ್ಲ ಅಂದರು. ಬೈದಿದ್ದರೆ ವಾಸಿಯಿತ್ತು.

ಹಾಗಾಗಿ ಕೇಳಿ. ಬಿದ್ದವರಿಗೆ ಬೆನ್ನು ವಿಪರೀತ ನೋಯುತ್ತಿದ್ದರೆ, ಕಾಲು ಜೋಮು ಅಂದರೆ, ಕಾಲಿಗೆ ಬಲ ಇಲ್ಲದಿದ್ದರೆ, ಗೊತ್ತಿಲ್ಲದೆ ಮೂತ್ರ ಹೋಗಿದ್ದರೆ, ಇದರಲ್ಲಿ ಒಂದೇ ಇದ್ದರೂ ಅಲ್ಲಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ನೆಟ್‌ವರ್ಕ್ ಇಲ್ಲದಿದ್ದರೆ ಒಬ್ಬ ಗುಡ್ಡ ಹತ್ತಲಿ. ಅಲ್ಲಿಯವರೆಗೆ ಮೇಲೆ ಟಾರ್ಪಾಲು ಹಿಡಿಯಿರಿ. ನೀರು, ಕಾಫಿ ಕುಡಿಸಬೇಡಿ, ಆಪರೇಷನ್ ಬೇಕಾಗಬಹುದು. ಹೊರಲೇಬೇಕಾದರೆ ಹಲಗೆಯನ್ನೋ ಕಳಚಿದ ಬಾಗಿಲನ್ನೋ ತನ್ನಿ, ನಾಲ್ಕೈದು ಜನ ಸೇರಿ, ಒಬ್ಬ ತಲೆ ಕುತ್ತಿಗೆ ಅಲ್ಲಾಡದ ಹಾಗೆ ಹಿಡಿದು, ಅವನು ಒಂದು ಎರಡು ಮೂರು ಅಂದ ಕೂಡಲೇ ಎಲ್ಲರೂ ಒಟ್ಟಿಗೆ ದಿಮ್ಮಿ ಉರುಳಿಸಿದಂತೆ ಇಡೀ ಮೈಯನ್ನು ಪಕ್ಕಕ್ಕೆ ಹೊರಳಿಸಿ, ಹಲಗೆ ಕೆಳಗೆ ತೂರಿಸಿ. ಜೀಪಿಗಿಂತ ಮಲಗಿಸಲು ಜಾಗ ಇರುವ ಪಿಕಪ್ ಮೇಲು.

ಆಪರೇಷನ್ ಆಯಿತು, ರಾಡು, ಸ್ಕ್ರೂ ಹಾಕಿದರು. ಅದು ಹುರಿಯ ಮೇಲಿನ ಒತ್ತಡ ತೆಗೆದು ಮೂಳೆ ನಿಲ್ಲಿಸಲು. ಸತ್ತ ನರ ಅದರಿಂದ ಬದುಕುವುದಿಲ್ಲ. ಇದು ನಮ್ಮ ತಲೆಗೆ ಹೋಗಲು ತಿಂಗಳುಗಳೇ ಬೇಕಾದವು.

ಎರಡನೇ ತಪ್ಪು ಮನೆಯಲ್ಲಿ. ಪಾದ ತಣ್ಣಗಿದೆ ಅಂತ ಅಮ್ಮ ಬಿಸಿನೀರಿನ ಬ್ಯಾಗ್ ಇಟ್ಟರು. ಸುಟ್ಟು ಗುಳ್ಳೆ ಎದ್ದರೂ ಅಣ್ಣನಿಗೆ ಗೊತ್ತೇ ಆಗಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂದಿದ್ದರು, ರಾತ್ರಿ ನಿದ್ದೆ ಮಾಡಲಿ ಪಾಪ ಅಂತ ಬಿಟ್ಟೆವು. ಬೆನ್ನಿನ ಬುಡ ಕೆಂಪಗಾಗಿದ್ದನ್ನು ಯಾರೂ ನೋಡಲಿಲ್ಲ. ವಾಸನೆ ಬಂದ ಮೇಲೆ ತಿರುಗಿಸಿ ನೋಡಿದರೆ ಒಳಗೆ ಮೂಳೆ ಕಾಣುತ್ತಿತ್ತು. ಆ ಹುಣ್ಣು ಮಾಯಲು ಏಳು ತಿಂಗಳು. ಮೂತ್ರದ ಸೋಂಕಿನ ಜ್ವರ ಬೇರೆ. ನಾಲ್ಕರಿಂದ ಆರು ಗಂಟೆಗೊಮ್ಮೆ ತಾನೇ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಪುನರ್ವಸತಿ ಕೇಂದ್ರದಲ್ಲಿ ಕಲಿಸಿದ ಮೇಲೆ ಅದು ಕಡಿಮೆಯಾಯಿತು. ಅಲ್ಲಿಗೆ ಮೊದಲೇ ಹೋಗಬೇಕಿತ್ತು.

ಅಲ್ಲೇ ಇನ್ನೊಂದು ತಿಳಿಯಿತು. ಪೆಟ್ಟು ಎದೆಭಾಗದ 6ನೇ ಮಣಿಯಲ್ಲೋ ಅದಕ್ಕಿಂತ ಮೇಲೋ ಆಗಿದ್ದರೆ, ಸುಮ್ನೆ ಮೂತ್ರ ಕಟ್ಟಿದರೂ ಬಿಪಿ ದಿಢೀರನೆ ಏರಿ ತಲೆ ಸಿಡಿಯಬಹುದು. ಆಗ (ಇದು ಮನೆಗೆ ಬಂದ ಮೇಲಿನ ಮಾತು, ಬಿದ್ದ ದಿನದ್ದಲ್ಲ) ಕೂರಿಸಿ, ನಳಿಕೆ ಮಡಚಿಕೊಂಡಿದೆಯಾ ನೋಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ.

ಈ ನಡುವೆ ಒಬ್ಬರು ಸ್ಟೆಮ್ ಸೆಲ್ ಹಾಕಿ ನಡೆಸುತ್ತೇವೆ ಅಂತ ಲಕ್ಷಗಟ್ಟಲೆ ಕೇಳಿದರು, ನಾವು ಅಡ್ವಾನ್ಸ್ ಕಟ್ಟುವವರೆಗೂ ಹೋಗಿದ್ದೆವು. ಬೆನ್ನುಹುರಿಗೆ ಅದು ಇನ್ನೂ ಸಾಬೀತಾದ ಚಿಕಿತ್ಸೆಯಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಅದನ್ನು ಕೊಡುವಂತೆಯೇ ಇಲ್ಲ.

ಈಗ ಅಣ್ಣ ವೀಲ್‌ಚೇರ್‌ನಲ್ಲೇ ತೋಟದ ಲೆಕ್ಕ ನೋಡುತ್ತಾನೆ. ಔಷಧಿ, ಕೊಯ್ಲು ಎಲ್ಲ ಕಾರ್ಬನ್ ಫೈಬರ್ ದೋಟಿಯಲ್ಲಿ (ಉದ್ದನೆಯ ಕೋಲಿನಲ್ಲಿ), ನೆಲದ ಮೇಲೆ ನಿಂತೇ. ಕೊಟ್ಟಿಗೆಯಲ್ಲಿ ಆಳುದ್ದದ ಒಂದು ಹಲಗೆ, ನಾಲ್ಕು ಪಟ್ಟಿ ಯಾವಾಗಲೂ ಇರುತ್ತವೆ, ಅವನೇ ಇಡಿಸಿದ್ದು. ಅದರ ಮೇಲೆ ಯಾರಾದರೂ ಅಡಿಕೆ ಹರವಿದರೆ ಇಡೀ ಅಂಗಳಕ್ಕೆ ಕೇಳುವ ಹಾಗೆ ಬೈಯುತ್ತಾನೆ.