ಕಾರವಾರದ ಕಾರ್ಮಿಕ ಸಂಘದ ಕಚೇರಿ: ಲೇಬರ್ ಕಾರ್ಡಿನ ಕೆಲಸ ಅಚ್ಚುಕಟ್ಟು, ರಸೀದಿ ಪುಸ್ತಕ ಸರಿಯಾಗಬೇಕು

ಕಾರವಾರ ತಾಲೂಕಿನ ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಪೇಂಟರುಗಳು ಲೇಬರ್ ಕಾರ್ಡ್, ಅಂದರೆ ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿ ಚೀಟಿ, ಮಾಡಿಸಲು ಸಾಮಾನ್ಯವಾಗಿ ಹೋಗುವುದು ಸೈಬರ್ ಅಂಗಡಿಗೆ, ಇಲ್ಲವೇ ಸಂಘದ ಕಚೇರಿಗೆ. ಈ ಬರಹ ಎರಡನೆಯದರ ಬಗ್ಗೆ. ಇದು ಒಂದು ಕಾರ್ಮಿಕ ಪಕ್ಷದ ಬೆನ್ನಿಗೆ ನಿಂತಿರುವ ಸಂಘದ ಕಚೇರಿ. ಬಾಗಿಲ ಮೇಲೆ ಸಂಘದ ಬೋರ್ಡು, ಒಳಗೆ ಗೋಡೆಗೆ ಪಕ್ಷದ ಬಾವುಟ. ಸಂಘಟಕರೂ ಪಕ್ಷದ ಕಾರ್ಯಕರ್ತರೂ ಅವರೇ. ಭಾನುವಾರ ಬೆಳಿಗ್ಗೆ ತೆರೆದಿರುತ್ತದೆ, ಸಂತೆಗೆ ಬಂದವರು ಹಾಗೇ ಹೋಗಿ ಬರಬಹುದು. ವಾರದ ನಡುವೆ ಬರಬೇಕೆಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಲೆಕ್ಕ.

ಕುಳಿತ ಕೂಡಲೇ ಕೇಳುವ ಮೊದಲ ಪ್ರಶ್ನೆ ಆಧಾರ್ ನಂಬರ್ ಅಲ್ಲ. 'ಹೋದ ಮಳೆಗಾಲದಿಂದ ಈಚೆ ಎಲ್ಲೆಲ್ಲಿ ಕೆಲಸ ಮಾಡಿದ್ರಿ?' ಎಂಬುದು. ಪ್ರಶ್ನೆ ಸರಿಯಾಗಿದೆ. ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಣಿ ಆಗಬೇಕಾದರೆ ವಯಸ್ಸು 18ರಿಂದ 60ರ ಒಳಗಿರಬೇಕು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಿರೆಕಲ್ಲಿನ ಗೋಡೆ ಏಳುವುದು ಕಷ್ಟ. ಹಾಗಾಗಿ ಉಳಿದ ಎಂಟು ತಿಂಗಳಲ್ಲೇ ದಿನ ಹೊಂದಿಸಬೇಕು. ಒಬ್ಬ ಗೌಂಡಿ ಅಮದಳ್ಳಿಯಲ್ಲಿ ಹತ್ತು ದಿನ, ಸದಾಶಿವಗಡದಲ್ಲಿ ಮೂರು ವಾರ, ಹೀಗೆ ಹತ್ತಾರು ಮನೆಗಳ ಕೆಲಸ ಮಾಡಿರುತ್ತಾನೆ. ಸಂಘದವರು ಗೆರೆ ಎಳೆದ ಪುಸ್ತಕದಲ್ಲಿ ಮನೆ ಯಜಮಾನರ ಹೆಸರು, ಊರು, ಯಾವಾಗಿನಿಂದ ಯಾವಾಗಿನವರೆಗೆ, ಒಟ್ಟು ಎಷ್ಟು ದಿನ ಎಂದು ಸಾಲುಸಾಲಾಗಿ ಬರೆದು, ಕೆಳಗೆ ಕೂಡಿಸಿ, ಆಮೇಲೆ ಉದ್ಯೋಗ ದೃಢೀಕರಣ ಪತ್ರದ ಕೆಲಸಕ್ಕೆ ಕೈ ಹಾಕುತ್ತಾರೆ. ಅವಸರದ ಅಂಗಡಿಗಳಲ್ಲಿ ಒಬ್ಬರೇ ಮಾಲೀಕರ ಹೆಸರಲ್ಲಿ 90 ದಿನ ತುಂಬಿಬಿಡುತ್ತಾರೆ. ಪರಿಶೀಲನೆಗೆ ಫೋನ್ ಹೋದಾಗ ಆ ಮಾಲೀಕರು 'ನಮ್ಮಲ್ಲಿ ಎರಡೇ ವಾರ ಇದ್ದದ್ದು' ಎಂದರೆ ಅರ್ಜಿ ಅಲ್ಲಿಗೇ ಬಿತ್ತು.

ಎರಡನೆಯ ಜಾಗ್ರತೆ ಹೆಸರಿನದು. ಇಲ್ಲಿ ಇದು ಸಣ್ಣ ವಿಷಯವಲ್ಲ. ಆಧಾರ್‌ನಲ್ಲಿ ನಾಯ್ಕ, ಪಾಸ್‌ಬುಕ್ಕಿನಲ್ಲಿ ನಾಯಕ. ಗೌಡ ಎಂಬುದಕ್ಕೆ ಇಂಗ್ಲಿಷಿನಲ್ಲಿ ಎರಡು ಬಗೆಯ ಸ್ಪೆಲ್ಲಿಂಗ್. ಸಂಘಟಕರು ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡು ಮೂರನ್ನೂ ಮೇಜಿನ ಮೇಲೆ ಒಂದರ ಕೆಳಗೊಂದು ಇಟ್ಟು ಅಕ್ಷರ ಅಕ್ಷರ ಬೆರಳಿಟ್ಟು ನೋಡುತ್ತಾರೆ. ವ್ಯತ್ಯಾಸ ಕಂಡರೆ ಅರ್ಜಿ ಹಾಕುವುದಿಲ್ಲ, ತಿದ್ದಿಸಿಕೊಂಡು ಬರಲು ಹೇಳುತ್ತಾರೆ. ಆ ಹೊತ್ತಿಗೆ ಕಿರಿಕಿರಿ ಅನ್ನಿಸಿದರೂ ಮುಂದೆ ಸಹಾಯಧನ ತಡೆಯಲ್ಲಿ ಬೀಳುವುದಕ್ಕಿಂತ ಇದೇ ವಾಸಿ. ಹಳೇ ಸಿಂಡಿಕೇಟ್ ಬ್ಯಾಂಕಿನ ಪಾಸ್‌ಬುಕ್ ತಂದವರಿಗೂ ಇದೇ ಪಾಠ: 2020ರ ಏಪ್ರಿಲ್‌ನಲ್ಲಿ ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹಳೇ ಐಎಫ್‌ಎಸ್‌ಸಿ ಕೋಡ್ ನಡೆಯುವುದಿಲ್ಲ. ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದೂ ಬ್ಯಾಂಕಿನಲ್ಲೇ ಕೇಳಿಕೊಂಡು ಬರಬೇಕು.

ಈ ಕಚೇರಿಯ ನಿಜವಾದ ಬೆಲೆ ಗೊತ್ತಾಗುವುದು ನವೀಕರಣದಲ್ಲಿ. ಕಾರ್ಡ್ ಕೈಗೆ ಬಂದರೆ ಕೆಲಸ ಮುಗಿಯಿತು ಎಂದುಕೊಂಡವರೇ ಹೆಚ್ಚು ಕಳೆದುಕೊಳ್ಳುವುದು. 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹಾಕಿಕೊಟ್ಟ ಲೆಕ್ಕದಂತೆ, 60 ತುಂಬಿದ ಮೇಲೆ ಸೌಲಭ್ಯ ಸಿಗಬೇಕಾದರೆ ಅದಕ್ಕೆ ಮುಂಚಿನ ಮೂರು ವರ್ಷ ಎಡೆಬಿಡದೆ ಫಲಾನುಭವಿಯಾಗಿರಬೇಕು. 58ನೇ ವಯಸ್ಸಿನಲ್ಲಿ ಕಾರ್ಡ್ ಕೈಬಿಟ್ಟವರಿಗೆ ಪಿಂಚಣಿಯ ಹೊತ್ತಿಗೆ ಏಟು ಬೀಳುವುದು ಇದರಿಂದಲೇ. ಸಂಘದ ಪುಸ್ತಕದಲ್ಲಿ 55 ದಾಟಿದವರ ಹೆಸರಿನ ಮುಂದೆ ಕೆಂಪು ಶಾಯಿಯ ಗುರುತಿದೆ, ಅವಧಿ ಮುಗಿಯುವ ಮೊದಲೇ ಫೋನ್ ಹೋಗುತ್ತದೆ. ಇಷ್ಟು ಕಾಳಜಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಬೈತಖೋಲ್ ಬಂದರಿನಲ್ಲಿ ಮೀನು ಹೊರುವವರು, ಶಿರಸಿ ಕಡೆ ಅಡಿಕೆ ಸುಲಿಯುವವರು ಬಂದರೆ ಈ ಕಾರ್ಡ್ ನಿಮಗಲ್ಲ ಎಂದು ಮುಖದ ಮೇಲೇ ಹೇಳಿ, ಇ-ಶ್ರಮ್ ನೋಂದಣಿ ಮಾಡಿಸಿ ಕಳಿಸುತ್ತಾರೆ. ಎರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ಊರೆಲ್ಲ ಹಬ್ಬಿದೆ. ಇ-ಶ್ರಮ್ ಅಸಂಘಟಿತ ಕಾರ್ಮಿಕರ ಕೇಂದ್ರ ಸರ್ಕಾರದ ಪಟ್ಟಿ, 2021ರಲ್ಲಿ ಶುರುವಾದದ್ದು. ಲೇಬರ್ ಕಾರ್ಡಿನ ಸೌಲಭ್ಯಕ್ಕೆ ಹಣ ಬರುವುದು ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಶೇ. 1ರ ಸೆಸ್‌ನಿಂದ. ಕಟ್ಟಡ ಕೆಲಸ ಮಾಡದವರಿಗೆ ಕಾರ್ಡ್ ಕೊಡಿಸಿದರೆ ಗಾರೆ ಹೊತ್ತವರ ಪಾಲು ಕರಗುತ್ತದೆ. ಮತಕ್ಕಾಗಿಯಾದರೂ ಎಲ್ಲರಿಗೂ ಕಾರ್ಡ್ ಹಂಚುವ ಆಸೆ ಒಂದು ಪಕ್ಷಕ್ಕೆ ಬರಬಹುದಿತ್ತು. ಇವರು ಅದಕ್ಕೆ ಬಿದ್ದಿಲ್ಲ, ಇದನ್ನು ಮನಸಾರೆ ಮೆಚ್ಚಬೇಕು.

ಇನ್ನು ರಸೀದಿ. ಸದಸ್ಯತ್ವದ ವಂತಿಗೆ ಮತ್ತು ಪಕ್ಷದ ದೇಣಿಗೆ ಎರಡನ್ನೂ ಒಂದೇ ರಸೀದಿಯಲ್ಲಿ, ಒಂದೇ ಮೊತ್ತವಾಗಿ ಬರೆಯುತ್ತಿದ್ದಾರೆ. ಇದು ತಪ್ಪು. ಸಂಘ ರಾಜಕೀಯ ಮಾಡಬಾರದೆಂದು ಕಾನೂನು ಎಲ್ಲೂ ಹೇಳಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯೇ ತನ್ನ 16ನೇ ಕಲಂನಲ್ಲಿ ಅದಕ್ಕೆ ದಾರಿ ಮಾಡಿತ್ತು: ಅಭ್ಯರ್ಥಿಯ ಚುನಾವಣಾ ಖರ್ಚು, ಸಭೆ, ಕರಪತ್ರ ಇವುಗಳಿಗೆ ಬೇರೆಯೇ ನಿಧಿ ಇಡಬಹುದು. ಆದರೆ ಆ ನಿಧಿಗೆ ಕೊಡಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ, ಕೊಡದವರಿಗೆ ಸಂಘದ ಯಾವ ಸೌಲಭ್ಯವನ್ನೂ ತಪ್ಪಿಸುವಂತಿಲ್ಲ. ಹಣ ಒಂದೇ ರಸೀದಿಯಲ್ಲಿ ಬೆರೆತರೆ ಯಾರು ಏನಕ್ಕೆ ಕೊಟ್ಟರು ಎಂದು ಲೆಕ್ಕ ತಪಾಸಣೆಯಲ್ಲಿ ತೋರಿಸಲು ಆಗುವುದಿಲ್ಲ. ದೇಣಿಗೆ ಕೊಡದಿದ್ದರೆ ಕಾರ್ಡ್ ಆಗುವುದಿಲ್ಲವೇನೋ ಎಂಬ ಅಳುಕು ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರಲ್ಲಿ ಹುಟ್ಟುತ್ತದೆ. ಬೇರೆ ಬಣ್ಣದ ಎರಡು ಪುಸ್ತಕ ಅಚ್ಚು ಹಾಕಿಸಿದರೆ ಸಾಕು, ದೊಡ್ಡ ಖರ್ಚೇನೂ ಇಲ್ಲ.

ಚುನಾವಣೆ ಬಂದಾಗ ಮೇಜು ಖಾಲಿಯಾಗುವುದು ಇನ್ನೊಂದು ಕೊರತೆ. ಎಲ್ಲರೂ ಪ್ರಚಾರಕ್ಕೆ ಹೋದರೆ ನವೀಕರಣದ ದಿನಾಂಕ ಕಾಯುವುದಿಲ್ಲ, ಒಬ್ಬರಾದರೂ ಕೂರಲೇಬೇಕು. ಕಲ್ಲು, ಮರಳು ಹೊರುವ ಹೆಂಗಸರ ಹತ್ತಿರ ಕೂತು ಮಾತಾಡಲು ಒಬ್ಬ ಮಹಿಳಾ ಸಂಘಟಕಿ ಬೇಕು. ಹೆರಿಗೆ ಸಹಾಯಧನದ ಅರ್ಜಿಗಳು ಕಡಿಮೆ ಬರುವುದಕ್ಕೆ ಇದೂ ಕಾರಣ.

ಹೋಗುವವರು ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಫೋಟೋ ಜೊತೆಗೆ ಆಧಾರ್‌ಗೆ ಜೋಡಣೆಯಾದ ಮೊಬೈಲನ್ನೇ ಒಯ್ಯಿರಿ. ಒಟಿಪಿ ಬರುವುದು ಅದಕ್ಕೇ. ಕೆಲಸ ಮಾಡಿದ ಮನೆಗಳ ಯಜಮಾನರ ಫೋನ್ ನಂಬರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಎರಡನೇ ಸಲ ಅಲೆಯುವುದು ತಪ್ಪುತ್ತದೆ. ದೇಣಿಗೆ ಕೊಡುವ ಮನಸ್ಸಿದ್ದರೆ ಕೊಡಿ, ಅದಕ್ಕೆ ಬೇರೆ ರಸೀದಿ ಕೇಳಿ ಪಡೆಯಿರಿ.