ಕಾರವಾರದಾಗ ಬೋಟಿನ ಮ್ಯಾಲೆ ಗಾಳ ಹಾಕೋ ಟ್ರಿಪ್: ನಮ್ಮ ಕೊಪ್ಪಳ-ಗಂಗಾವತಿ ಕಡೆಯವರಿಗಂತ ಬರದ ರಿವ್ಯೂ

ಮೊದ್ಲ ಹೇಳಿಬಿಡ್ತೀನಿ, ಐದರಾಗ ನಾಲ್ಕು ಸ್ಟಾರ್. ನಾಲ್ಕೂ ಸ್ಟಾರ್ ಬೋಟ್ ನಡಸೋ ತಾಂಡೇಲರಿಗೆ, ಕಟ್ ಮಾಡಿದ ಒಂದು ಫೋನಿನ್ಯಾಗ ಬುಕಿಂಗ್ ತಗೊಳ್ಳೋ ಮನುಷ್ಯಾಗ.

ನಾವು ಗಂಗಾವತಿಯವರು, ಟಿಬಿ (ತುಂಗಭದ್ರಾ) ಡ್ಯಾಮಿನ ಹಿನ್ನೀರು, ಎಡದಂಡೆ ಕಾಲುವಿ, ಇಲ್ಲೆಲ್ಲ ಗಾಳ ಹಾಕಿ ರೂಢಿ ಇದ್ದವರು, ಕಟ್ಲಾ ರೋಹು ಬಿಟ್ರ ಬ್ಯಾರೆ ಮೀನು ಗಾಳಕ್ಕ ಬಿದ್ದಿದ್ದು ಕಡಿಮಿ. ಸಮುದ್ರದಾಗ ಒಮ್ಮೆ ನೋಡೋಣಂತ ನಾಲ್ಕು ಮಂದಿ ದೋಸ್ತರು ಕೂಡಿ ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಾಟ್ ಇಳದು ಕಾರವಾರಕ್ಕ ಹೋದ್ವಿ, ಮುನ್ನೂರು ಕಿಲೋಮೀಟರಿನ ಮ್ಯಾಲೆ ಆಗತೈತಿ, ಕಾರ್ ಖರ್ಚು ಬ್ಯಾರೆ. ಬೋಟಿಗೆ ತಲಿಗೆ ಮೂರು ಸಾವಿರದ ಮ್ಯಾಲೆ ಬಿತ್ತು, ರಾಡು, ರೀಲು, ಲೈಫ್ ಜಾಕೆಟ್ಟು, ಜೊತಿಗೆ ಕಲಸೋ ಹುಡುಗ ಎಲ್ಲಾ ಅದರಾಗ ಬಂತು.

ಈಗ ಆ ಒಂದು ಸ್ಟಾರಿನ ವಿಷಯ. ಮಾರ್ಚ್ ತಿಂಗಳು, ಫೋನಿನವ ಮಧ್ಯಾಹ್ನ ಎರಡರಿಂದ ಆರರ ಸ್ಲಾಟ್ ಕೊಟ್ಟ, "ಮೀನು ಗ್ಯಾರಂಟಿ ಸರ್" ಅಂದ. ಕರಾವಳಿಯಾಗ ಬ್ಯಾಸಿಗಿ ಶುರು ಆದಮ್ಯಾಲೆ ಮಧ್ಯಾಹ್ನ ಏನಾಗತೈತಿ ಅಂದ್ರ, ನೆಲ ಬಿಸಿಲಿಗೆ ಲಗೂನ ಕಾಯತೈತಿ, ನೀರು ಅಷ್ಟು ಲಗೂ ಕಾಯಂಗಿಲ್ಲ, ನೆಲದ ಮ್ಯಾಲಿನ ಗಾಳಿ ಮ್ಯಾಲೇರಿದಂಗ ಸಮುದ್ರದ ಕಡಿಂದ ಗಾಳಿ ಒಳಗ ನುಗ್ಗತೈತಿ, ಕಾರವಾರದಾಗ ಅದು ಬರೋದು ಬಾಳ ಮಾಡಿ ವಾಯುವ್ಯದಿಂದ, ಹೊತ್ತು ಇಳಿಯೋವರೆಗೂ ಬಿಡಂಗಿಲ್ಲ. ಬೆಳಿಗ್ಗೆ ಇದರ ಉಲ್ಟಾ, ನೆಲದ ಕಡಿಂದ ಸಣ್ಣ ಗಾಳಿ, ನೀರು ಶಾಂತ. ಅಲ್ಲೇ ಹುಟ್ಟಿ ಬೆಳದವ್ನಿಗೆ ಇದು ಗೊತ್ತಿರಂಗಿಲ್ಲೇನು? ಗೊತ್ತಿದ್ದೂ ಮಧ್ಯಾಹ್ನದ ಸ್ಲಾಟ್ ಮಾರತಾನ, ಯಾಕಂದ್ರ ಬೆಳಗಿಂದು ಮೊದ್ಲ ತುಂಬಿರತೈತಿ. ಗಾಳಿ ಜೋರಾಗಿ ಟ್ರಿಪ್ ನಿಂತ್ರ ಅಡ್ವಾನ್ಸ್ ವಾಪಸ್ ಇಲ್ಲ, ಡೇಟ್ ಅಷ್ಟೇ ಬದಲಿ ಅನ್ನೋದನ್ನೂ ರೊಕ್ಕ ಹಾಕಿದಮ್ಯಾಲೆನ ಹೇಳಿದ. ಹುಬ್ಬಳ್ಳಿಯವ್ರಿಗೆ ಡೇಟ್ ಬದಲಿ ನಡೀತೈತಿ, ಸಿಂಧನೂರಿನವ ಮತ್ತೊಂದು ಸಲ ಅಷ್ಟು ದೂರ ಬರಬೇಕಲ್ರಿ.

ತಾಂಡೇಲರು ಬ್ಯಾರೆನ ಮನುಷ್ಯಾ. ಐವತ್ತು ದಾಟಿರಬೇಕು, ತಮ್ಮ ಹುಡುಗರ ಜೋಡಿ ಕೊಂಕಣಿ, ನಮ್ಮ ಜೋಡಿ ಕನ್ನಡ. ನಾವು ಎರಡಕ್ಕ ದಂಡಿಗೆ ಹೋದ್ರ ನೀರಿನ ಮ್ಯಾಲೆ ಅಲ್ಲಲ್ಲಿ ಬಿಳಿ ನೊರಿ ಏಳಾಕತ್ತಿತ್ತು. ಅವರು ಅದನ್ನ ನೋಡಿ, ಮೊಬೈಲಿನ್ಯಾಗ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರು ಮೀನುಗಾರರಿಗಂತ ಕೊಡೋ ಗಾಳಿ-ಅಲೆ ಮುನ್ಸೂಚನಿನೂ ತೋರಿಸಿ, "ಇವತ್ತು ಬೇಡ, ನಾಳೆ ಬೆಳಿಗ್ಗೆ ಐದೂವರೆಗೆ ಬನ್ನಿ, ನಾನು ಜಾಗ ಮಾಡ್ತೇನೆ" ಅಂದ್ರು. ನಮ್ಮೊಳಗ ಒಬ್ಬಾಂವ "ಇಷ್ಟು ಗಾಳಿ ಏನಾಗತೈತ್ರಿ, ನಮ್ಮ ಹಿನ್ನೀರಿನ್ಯಾಗ ಹರಗೋಲಿನ್ಯಾಗ ಹೋಗ್ತೀವಿ" ಅಂದ. ಅವರು ನಗಲಿಲ್ಲ, ಕಾಳಿ ನದಿ ಸಮುದ್ರಕ್ಕ ಸೇರೋ ಅಳಿವೆ ಕಡೆ ಕೈ ಮಾಡಿದ್ರು. ಇಳಿತದ ಹೊತ್ತಿನ್ಯಾಗ ನದಿ ನೀರು ಹೊರಗ ಎಳೀತಿರತೈತಿ, ಎದುರಿಂದ ಗಾಳಿ ಅಲಿ ತರತೈತಿ, ಎರಡೂ ಡಿಕ್ಕಿ ಹೊಡದ ಜಾಗದಾಗ ಅಲಿ ಒತ್ತೊತ್ತಾಗಿ ನೆಟ್ಟಗ ನಿಲ್ಲತಾವ, ಬೋಟ್ ಮಗುಚೋದು ಬಾಳ ಸಲ ಅಂಥಲ್ಲೇ ಅಂತ. 2019ರ ಜನವರಿಯಾಗ ಕೂರ್ಮಗಡ ದ್ವೀಪದ ನರಸಿಂಹ ಜಾತ್ರಿಗೆ ಹೋಗಿ ಬರೋ ದೋಣಿ ಮಗುಚಿ ಹದಿನೈದಕ್ಕಿಂತ ಹೆಚ್ಚು ಮಂದಿ ಹೋಗಿದ್ದು ಇದೇ ಸಮುದ್ರದಾಗ, ಮಂದಿ ಮಿತಿ ಮೀರಿ ತುಂಬಿದ್ರು. ಇವರ ಬೋಟಿನ್ಯಾಗ ಜಾಕೆಟ್ಟಿನ ಕ್ಲಿಪ್ ಹಾಕದ ಇಂಜಿನ್ ಚಾಲೂ ಮಾಡಂಗಿಲ್ಲ, ಸೆಲ್ಫಿಗಂತ ಬಿಚ್ಚಿದ್ರ ಬೈತಾರ. ಬೈಸಿಕೊಂಡವ ನಮ್ಮ ಹರಗೋಲಿನ ದೋಸ್ತನ.

ಮರುದಿನ ಬೆಳಿಗ್ಗೆ ಹೋದ್ವಿ, ಕಲತಿದ್ದೆಲ್ಲ ಅವತ್ತ. ಒಂಬತ್ತರ ಸುಮಾರಿಗೆ ಗಾಳಿ ತಿರುಗಿ ಏರಾಕ ಶುರು ಆದಾಗ ಬೋಟ್ ತನ್ನಷ್ಟಕ್ಕ ತಾನ ಜಾರತೈತಿ, ಜಿಗ್ ಅಂದ್ರ ಸೀಸದ ಮೀನಿನಂಥಾದ್ದು ಕೆಳಗ ಬಿಟ್ರ ನೆಟ್ಟಗ ಇಳಿಯಂಗಿಲ್ಲ, ದಾರ ಓರೆ ಆಗಿ ಎಲ್ಲೋ ದೂರ ಹೋಗತೈತಿ, ತಳ ಮುಟ್ಟಿತೋ ಇಲ್ಲೋ ಕೈಗೆ ತಿಳಿಯಂಗಿಲ್ಲ. ಕಲಸೋ ಹುಡುಗ ಅರವತ್ತು ಗ್ರಾಮಿಂದು ತಗದು ನೂರರ ಮ್ಯಾಲಿಂದು ಕಟ್ಟಿದ, ತಾಂಡೇಲರು ಮುಂದಿನ ತುದಿಗೆ ಒಂದು ಬಟ್ಟಿ ಚೀಲ ಕಟ್ಟಿ ನೀರಿಗೆ ಬಿಟ್ರು, ಅದು ನೀರು ತುಂಬಿಕೊಂಡು ಛತ್ರಿಯಂಗ ಬಿಚ್ಚಿ ಬೋಟಿನ ಜಾರೋ ವೇಗ ಕಡಿಮಿ ಮಾಡತೈತಿ, ಜೊತಿಗೆ ಬೋಟಿನ ಮೂತಿನೂ ಅಲಿ ಕಡೆನ ಇರತೈತಿ. ಇನ್ನೂ ಏರಿದಾಗ ಕೂರ್ಮಗಡದ ಆಗ್ನೇಯ ಮಗ್ಗಲಿಗೆ ಹೋದ್ವಿ, ವಾಯುವ್ಯದ ಗಾಳಿಗೆ ದ್ವೀಪನ ಗ್ವಾಡಿ, ಈ ಕಡೆ ನೀರು ಅರ್ಧಕ್ಕರ್ಧ ಶಾಂತ. ಎಸಿಯೋದು ಯಾವಾಗ್ಲೂ ಗಾಳಿ ಹೋಗೋ ಕಡೆಗೆ, ರಾಡ್ ತಲಿ ಮ್ಯಾಲೆ ಎತ್ತದ ತಗ್ಗಿನಾಗ ಬೀಸಿ. ಬ್ರೇಡ್ ಅಂದ್ರ ಹೆಣದ ದಾರ ಹಗುರ, ಗಾಳಿಗೆ ಹೊಟ್ಟಿ ಉಬ್ಬಿಸಿ ಸಡಲಾಗತೈತಿ, ಹಂಗ ಸುತ್ತಿದ್ರ ಮುಂದಿನ ಎಸತಕ್ಕ ಗಂಟು ಗ್ಯಾರಂಟಿ (ಮೀನಿಂದಲ್ಲ, ಗಂಟಿಂದು ಮಾತ್ರ ಗ್ಯಾರಂಟಿ ಕೊಡಬಹುದು ನೋಡ್ರಿ). ಎಸದ ಕೂಡಲೆ ಬೇಲ್ (ರೀಲಿನ ಮ್ಯಾಲಿನ ತಂತಿ ಕಮಾನು) ಕೈಯಿಂದ ಮುಚ್ಚಿ ದಾರ ಒಂದು ಸಲ ಬಿಗಿ ಎಳಕೊಂಡು ಆಮ್ಯಾಲೆ ಸುತ್ತಬೇಕಂತ.

ಮೀನು ಬಿದ್ದಾವ. ಟ್ರೆವಲಿ ಸಣ್ಣವು, ಒಂದು ಬರಾಕುಡ ಮೊಣಕಾಲುದ್ದ ಇತ್ತು, ಹಲ್ಲು ನೋಡಿದ್ರ ತುದಿಗೆ ಯಾಕ ಸ್ಟೀಲ್ ವಯರ್ ಹಾಕತಾರ ಅಂತ ಗೊತ್ತಾಗತೈತಿ. ಇಸವಾಣಿಗಂತ (ಅಂಜಲ್ ಮೀನು) ಹೋದ್ವಿ, ಅದು ಬರಲಿಲ್ಲ. ಸಣ್ಣವನ್ನ ವಾಪಸ್ ಬಿಡಸ್ತಾರ, ಅದು ಸರಿ ಅನ್ನಿಸ್ತು.

ಕುಂದು ಅದಾವ. ಒಂದು ರೀಲಿನ ಡ್ರ್ಯಾಗ್ (ಮೀನು ಜೋರಾಗಿ ಎಳದ್ರ ದಾರ ಸಡಲ ಬಿಡೋ ಬ್ರೇಕ್) ಉಪ್ಪು ಹಿಡದು ಜಾಮ್ ಆಗಿತ್ತು, ಬರಾಕುಡ ಅದಕ್ಕೇ ಬಿದ್ದಿದ್ರ ದಾರ ಹರೀತಿತ್ತು. ಮ್ಯಾಲೆ ನೆರಳಿಲ್ಲ, ಟಾಯ್ಲೆಟ್ ಇಲ್ಲ, ಸಣ್ಣ ಹುಡುಗರ ಸೈಜಿನ ಜಾಕೆಟ್ ಇಲ್ಲ, ಹೆಣ್ಮಕ್ಕಳು ಮಕ್ಕಳನ್ನ ಕರ್ಕೊಂಡು ಹೋಗೋರು ಮೊದ್ಲ ಕೇಳ್ರಿ. ಬೆಳಿಗ್ಗೆ ಮಂಡಾಳ ಒಗ್ಗರಣಿ, ಮಿರ್ಚಿ ಹೊಟ್ಟಿತುಂಬ ತಿಂದು ಹತ್ತಬ್ಯಾಡ್ರಿ, ಡೀಸೆಲ್ ವಾಸನಿ ಮತ್ತ ಅಲಿ ಕೂಡಿದ್ರ ಏನಾಗತೈತಿ ಅಂತ ನಮ್ಮಾಂವ ಒಬ್ಬ ಕೂರ್ಮಗಡದ ಮೀನುಗಳಿಗೆಲ್ಲ ತೋರಿಸಿದ. ವಾಂತಿ ಗುಳಗಿ ಡಾಕ್ಟ್ರಿಗೆ ಕೇಳಿ, ಹತ್ತೋಕಿಂತ ಮೊದ್ಲ ತಗೊಳ್ರಿ, ವಾಂತಿ ಶುರು ಆದಮ್ಯಾಲೆ ತಗೊಂಡ್ರ ಅಷ್ಟು ಉಪಯೋಗಿಲ್ಲ.

ಬುಕ್ ಮಾಡೋರು ಮೂರು ಮಾತು ಕೇಳ್ರಿ: ಬೆಳಗಿನ ಸ್ಲಾಟ್ ಐತೇನು, ಗಾಳಿಗೆ ನಿಂತ್ರ ರೊಕ್ಕದ ಕಥಿ ಏನು, ಹೋಗಬೇಕೋ ಬ್ಯಾಡೋ ಅನ್ನೋದು ಯಾರ ಕೈಯಾಗ ಐತಿ. ಮೂರನೇದಕ್ಕ "ತಾಂಡೇಲ" ಅಂತ ಉತ್ತರ ಬರದಿದ್ರ ರೊಕ್ಕ ಹಾಕಬ್ಯಾಡ್ರಿ. ನವೆಂಬರಿಂದ ಫೆಬ್ರವರಿ ಒಳಗ ಹೋದ್ರ ಚಲೋ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕಿಗೆ ನಿಷೇಧ, ಮಳಿಗಾಲದ ಸಮುದ್ರನೂ ಅಪಾಯದ್ದ ಇರತೈತಿ, ಆಗ ಯಾರರ ಆಫರ್ ಅಂತ ಫೋನ್ ಮಾಡಿದ್ರ ಕಟ್ ಮಾಡ್ರಿ.